ಬ್ಯಾಂಕಾಕಿನಲ್ಲಿ ಅಮ್ಮನ ಬಿಟಿಎಸ್

ನನ್ನ ಗಂಡ ಪ್ರಶಾಂತ್ ಅಮೆರಿಕದ ಸ್ಟರ್ಲಿಂಗ್‌ನಲ್ಲಿ ಮನೆ ಮಾಡಿ ಆರು ವರ್ಷವಾಯಿತು. ಈ ಆರು ವರ್ಷಗಳಲ್ಲಿ ಒಂದು ಸಲವೂ ಬಸ್ಸು ಹತ್ತಿದವನಲ್ಲ. ಮನೆಯ ಹತ್ತಿರಕ್ಕೇ ಮೆಟ್ರೋ ಬಂದಾಗ ಅದರ ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕಿದ, ಅದನ್ನೂ ಕಾರಿನೊಳಗೆ ಕೂತೇ ತೆಗೆದಿದ್ದ. ಜಿಮ್ಮಿನಲ್ಲಿ ನಡೆಯುವುದಕ್ಕೆ ಕಾರಿನಲ್ಲಿ ಹೋಗುವ ಮನುಷ್ಯ. ಇಂಥವನು, ನಮ್ಮಮ್ಮ ಬ್ಯಾಂಕಾಕಿನಲ್ಲಿ ಹೇಗೆ ಓಡಾಡಬೇಕು ಎಂದು ಹನ್ನೊಂದು ಶೀಟುಗಳ ಎಕ್ಸೆಲ್ ಫೈಲ್ ಮಾಡಿದ್ದ.

ಬ್ಯಾಂಕಾಕ್ ಯಾಕೆಂದರೆ, ನನಗೆ ಆಗ ಎಂಟು ತಿಂಗಳು. ಮಾರ್ಚಿನಲ್ಲಿ ಹೆರಿಗೆ. ಬಾಣಂತನಕ್ಕೆ ಅಮ್ಮ ಬರಬೇಕು, ಅಮ್ಮನಿಗೆ ವೀಸಾ ಆಗಬೇಕು. ಚೆನ್ನೈಯಲ್ಲಿ ಸಿಗುತ್ತಿದ್ದ ಸಂದರ್ಶನದ ತಾರೀಖಿಗೆ ಕಾದಿದ್ದರೆ ಮಗುವೇ ಎದ್ದು ಹೋಗಿ ಅಜ್ಜಿಗೆ ಬಾಗಿಲು ತೆಗೆಯುತ್ತಿತ್ತು. ಬ್ಯಾಂಕಾಕಿನ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಜಾಗ ಸಿಕ್ಕಿತು. ಅದು ತಪ್ಪಿದರೆ ಮುಂದಿನದು ಜೂನ್. ನನಗೆ ಮೊದಲ ಹೆರಿಗೆ, ಭಯವಾಗುತ್ತಿತ್ತು. ನನಗೆ ಅಮ್ಮ ಬೇಕಿತ್ತು, ಅಷ್ಟೆ.

ಅರ್ಜಿ ತುಂಬಿದವಳು ನಾನು. ಹಿಂದೆ ಮಾಡಿದ ಉದ್ಯೋಗ ಎಂಬಲ್ಲಿಗೆ ಬಂದಾಗ ಕೈ ನಿಂತಿತು. ನಮ್ಮಮ್ಮ ಶೈಲಜಾ ಬೆಂಗಳೂರಿನಲ್ಲಿ ಇಪ್ಪತ್ತಾರು ವರ್ಷ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವಳು. ಹೆಗಲಿಗೆ ಚೀಲ ನೇತುಹಾಕಿಕೊಂಡು, ಬೆರಳ ಸಂದಿಯಲ್ಲಿ ನೋಟು ಸಿಕ್ಕಿಸಿಕೊಂಡು, ಮೆಜೆಸ್ಟಿಕ್ಕಿಗೂ ಬನಶಂಕರಿಗೂ ಟ್ರಿಪ್ ಹೊಡೆದು ಹೊಡೆದೇ ನನ್ನನ್ನು ಇಂಜಿನಿಯರಿಂಗ್ ಓದಿಸಿದಳು. ಮದುವೆಯ ಹೊತ್ತಿಗೆ ಪ್ರಶಾಂತನ ಮನೆಯವರು ಇದನ್ನು ‘ಟ್ರಾನ್ಸ್‌ಪೋರ್ಟ್ ಡಿಪಾರ್ಟ್‌ಮೆಂಟ್’ ಮಾಡಿದರು. ನಾವು ಅಮೆರಿಕಕ್ಕೆ ಬರುವಷ್ಟರಲ್ಲಿ ಅದು ‘ಟ್ರಾನ್ಸ್‌ಪೋರ್ಟ್ ಆಫೀಸರ್’ ಆಗಿತ್ತು. ಕೆಲಸದಲ್ಲಿದ್ದಾಗ ಸಿಗದ ಬಡ್ತಿಯೆಲ್ಲ ಅಮ್ಮನಿಗೆ ನಮ್ಮ ಬಾಯಲ್ಲಿ ಸಿಕ್ಕಿತು. ಅರ್ಜಿಯಲ್ಲೂ ನಾನು ಅದನ್ನೇ ಬರೆದೆ.

“ಯಾರಾದ್ರೂ ಕೇಳಿದ್ರೆ ಹಾಗೇ ಹೇಳಮ್ಮ,” ಎಂದೆ.

“ಆಯ್ತು ಬಿಡು,” ಎಂದಳು ಅಮ್ಮ.

ಬ್ಯಾಂಕಾಕಿನಲ್ಲಿ ಸೋಮವಾರ ಬೆಳಿಗ್ಗೆ ಏಳು ಎಂದರೆ ನಮಗೆ ಭಾನುವಾರ ಸಂಜೆ ಏಳು. ಪ್ರಶಾಂತ್ ಅದಕ್ಕೊಂದು ಪಾಟ್‌ಲಕ್ ಇಟ್ಟುಕೊಂಡ, ಅವರವರ ಮನೆಯ ಅಡುಗೆ ತಂದು ಒಟ್ಟಿಗೆ ಉಣ್ಣುವ ಊಟ. ಅಮ್ಮನ ಲೈವ್ ಲೊಕೇಶನ್ ಟಿವಿಯ ಮೇಲೆ, ಅಮ್ಮನ ಧ್ವನಿ ಸ್ಪೀಕರಿನಲ್ಲಿ, ಹತ್ತು ಜನ ತಟ್ಟೆ ಹಿಡಿದುಕೊಂಡು ಸೋಫಾದಲ್ಲಿ. ಮನೆಯಲ್ಲಿ ಇಷ್ಟು ಜನ ಸೇರಿದ್ದು ಅಮ್ಮನಿಗೆ ಗೊತ್ತಿರಲಿಲ್ಲ. ಫೇರ್‌ಫ್ಯಾಕ್ಸ್‌ನಿಂದ ಬಂದಿದ್ದ ಶಶಿಕಾಂತ್ ಒಮ್ಮೆ ಬ್ಯಾಂಕಾಕ್ ಏರ್‌ಪೋರ್ಟಿನಲ್ಲಿ ನಾಲ್ಕು ಗಂಟೆ ಕೂತೆದ್ದವನು, ಆದ್ದರಿಂದ ಆ ಊರಿನ ತಜ್ಞ. ಪಕ್ಕದ ಮನೆಯ ಮಕ್ಸೂದಾ ಪುಳಿಯೋಗರೆ ತಂದಿದ್ದಳು. ಆ ಗುಂಪಿನಲ್ಲಿ ಸಲಹೆ ಕೊಡದೆ ಕೂತವಳು ಅವಳೊಬ್ಬಳೇ.

ಹೋಟೆಲಿನಿಂದ ಹೊರಟ ಕ್ಯಾಬು ಇಪ್ಪತ್ತು ನಿಮಿಷದಿಂದ ಒಂದೇ ಕಡೆ ನಿಂತಿತ್ತು. ಟಿವಿಯ ಮೇಲಿನ ನೀಲಿ ಚುಕ್ಕೆ ಅಲ್ಲಾಡಲಿಲ್ಲ.

“ಅತ್ತೆ, ಇಳಿದ್ಬಿಡಿ. ಶೀಟ್ ಫೋರ್, ಪ್ಲಾನ್ ಬಿ! ಬಿಟಿಎಸ್ ಹತ್ಕೊಳ್ಳಿ!” ಎಂದ ಪ್ರಶಾಂತ್.

“ಬಿಟಿಎಸ್ಸಾ? ಇಲ್ಲೂ ಇದ್ಯಾ?” ಅಮ್ಮನಿಗೆ ತವರಿನವರು ಸಿಕ್ಕಷ್ಟು ಖುಷಿ.

ನಾನು ಸೋಫಾದಿಂದ ಎದ್ದೆ. ಬ್ಯಾಂಕಾಕಿನಲ್ಲಿ ಬಿಟಿಎಸ್ ಎಂದರೆ ಕಂಬಗಳ ಮೇಲೆ ಓಡುವ ರೈಲು. ಅಮ್ಮ ಕೆಲಸಕ್ಕೆ ಸೇರಿದಾಗ ಬೆಂಗಳೂರಿನ ಸಿಟಿ ಬಸ್ಸಿಗೇ ಬಿಟಿಎಸ್ ಎಂದು ಹೆಸರು. ಹೆಸರು ಬದಲಾಗಿ ಇಪ್ಪತ್ತೇಳು ವರ್ಷವಾಗಿದ್ದರೂ ಅಮ್ಮನ ಬಾಯಲ್ಲಿ ಬದಲಾಗಿಲ್ಲ. ಮೈಸೂರಿನ ಪ್ರಶಾಂತನಿಗೆ ಇದೆಲ್ಲ ಹೇಗೆ ಗೊತ್ತಿರಬೇಕು? ನಾನು ಫೋನಿನ ಹತ್ತಿರ ಹೋಗುವಷ್ಟರಲ್ಲಿ ಅಮ್ಮ ಇಳಿದಾಗಿತ್ತು.

“ಬಿಟಿಎಸ್ ಎಲ್ಲಿ ಅಂದ್ರೆ ಎಲ್ರೂ ಆಕಾಶ ತೋರಿಸ್ತಾರೆ ಕಣೇ. ಬೆಳಗ್ಗೆ ಬೆಳಗ್ಗೆನೇ ತಮಾಷೆ ಇವ್ರಿಗೆ. ನಾನೇ ಒಂದು ಕೆಂಪು ಬಸ್ ನೋಡಿ ಹತ್ತಿದೀನಿ. ಇಲ್ಲೂ ಲೇಡಿ ಕಂಡಕ್ಟರ್! ಕೈಯಲ್ಲೊಂದು ತಗಡಿನ ಕೊಳವೆ, ಟಕಟಕ ಅಂತ ಬಡಿದು ಟಿಕೆಟ್ ಹರಿದು ಕೊಡ್ತಾಳೆ. ನಮಗೂ ಇಂಥದ್ದು ಕೊಟ್ಟಿದ್ರೆ...”

“ಅಮ್ಮಾ, ಬಸ್ಸು ಯಾವ ಕಡೆ ಹೋಗ್ತಿದೆ ನೋಡು!” ಎಂದು ಮಾತು ತುಂಡರಿಸಿದೆ. ಅಮ್ಮ ದಾರಿ ತಪ್ಪುತ್ತಾಳೆ ಎಂಬುದಕ್ಕಿಂತ ಬಾಯಿ ತಪ್ಪುತ್ತಾಳೆ ಎಂಬ ಹೆದರಿಕೆ ನನಗೆ.

ಬಸ್ಸು ರಾಯಭಾರ ಕಚೇರಿಗೆ ಬೆನ್ನು ಹಾಕಿ ಹೋಗುತ್ತಿತ್ತು. ಗಂಟೆ ಏಳೂವರೆ. ಪ್ರಶಾಂತ್ ಏಳನೆಯ ಶೀಟು ಹುಡುಕುತ್ತಿದ್ದ, ಅಮ್ಮ ಅಷ್ಟರಲ್ಲಿ ಇಳಿದು ರಸ್ತೆ ದಾಟಿದ್ದಳು.

“ಮೋಟರ್‌ಬೈಕ್ ಹತ್ತಿದೀನಿ. ಕಿತ್ತಳೆ ಬಣ್ಣದ ಕೋಟು ಹಾಕ್ಕೊಂಡಿದಾರೆ, ನನ್ ವಯಸ್ಸಿನೋರೇ. ವೀಸಾ ಆಫೀಸಿನ ಫೋಟೋ ತೋರಿಸ್ದೆ, ತಲೆ ಆಡಿಸಿದ್ರು,” ಎಂದಳು. ಆಮೇಲೆ ಇಪ್ಪತ್ತಾರು ವರ್ಷದ ಅಭ್ಯಾಸದಿಂದ ಹಿಂದಿನ ಸೀಟಿನಲ್ಲಿ ಕೂತು ಕೂಗಿದಳು. “ಹ್ಞಾಂ, ರೈಟ್ ರೈಟ್!”

ಚುಕ್ಕೆ ಬಲಕ್ಕೆ ತಿರುಗಿತು.

ಎಲ್ಲೋ ಬೈಕು ನಿಧಾನವಾಗಿರಬೇಕು. “ರೈಟ್, ರೈಟ್! ಹೋಗ್ಲಿ!” ಎಂದಳು. ಚುಕ್ಕೆ ಮತ್ತೆ ಬಲಕ್ಕೆ ತಿರುಗಿತು.

“ಬರೀ ರೈಟ್ ಟರ್ನ್ ತಗೋತಿದಾನಲ್ಲ! ಇದು ಪಕ್ಕಾ ಸ್ಕ್ಯಾಮ್. ಬ್ಯಾಂಕಾಕಲ್ಲಿ ಹೀಗೇ ಸುತ್ತಿಸ್ತಾರೆ,” ಎಂದು ಶಶಿಕಾಂತ್ ಪಿಸುಗುಟ್ಟಿದ. “ನೈನ್ ಒನ್ ಒನ್‌ಗೆ ಕಾಲ್ ಮಾಡೋಣ್ವಾ?” ಎಂದರು ಯಾರೋ. ಸ್ಟರ್ಲಿಂಗಿನ ಪೊಲೀಸರು ಬಂದು ನಮ್ಮ ಟಿವಿಯನ್ನು ಅರೆಸ್ಟ್ ಮಾಡಬಹುದಿತ್ತು.

ಆ ಕೋಣೆಯಲ್ಲಿ ನನಗೊಬ್ಬಳಿಗೇ ಹೊಳೆದಿತ್ತು. ಬೆಂಗಳೂರಿನ ಕಂಡಕ್ಟರ್ ‘ರೈಟ್’ ಎಂದರೆ ಗಾಡಿ ಹೊರಡಲಿ ಎಂದರ್ಥ, ಬಲಕ್ಕೆ ತಿರುಗಲಿ ಎಂದಲ್ಲ. ಪಾಪ, ಆ ಮನುಷ್ಯ ಗಿರಾಕಿ ಹೇಳಿದ ಹಾಗೆ ತಿರುಗುತ್ತಿದ್ದ. ರೈಟ್ ಅನ್ನಬೇಡಮ್ಮ ಎಂದು ನಾನು ಕೂಗಿದರೆ ಯಾಕೆ ಅನ್ನುತ್ತಾರೆ ಎಂದು ಹತ್ತು ಜನ ಕೇಳುತ್ತಾರೆ. ನಾನು ಸುಮ್ಮನೆ ಕೂತೆ. ಮೂರನೆಯ ರೈಟ್ ಆಯಿತು, ನಾಲ್ಕನೆಯದೂ ಆಯಿತು. ಅಮ್ಮ ಹೊರಟ ಜಾಗಕ್ಕೇ ವಾಪಸು ಬಂದಳು. ಗಂಟೆ ಏಳು ಮುಕ್ಕಾಲು. ನನ್ನ ಮರ್ಯಾದೆಗೋಸ್ಕರ ನಮ್ಮಮ್ಮನಿಗೆ ಬ್ಯಾಂಕಾಕಿನಲ್ಲಿ ಒಂದು ಸುತ್ತು ಪ್ರದಕ್ಷಿಣೆ ಹಾಕಿಸಿದೆ.

“ಅಮ್ಮಾ, ರೈಟ್ ಅನ್ಬೇಡ! ಬಾಯಿ ಮುಚ್ಕೊಂಡು ಕೂತ್ಕೋ!” ಎಂದು ಕಿರುಚಿದೆ.

“ಆಂಟಿ ಯಾಕೆ ಹಾಗಂತಿದ್ರು ಶ್ರಾವಣಿ?” ಮಕ್ಸೂದಾ ಮೆಲ್ಲಗೆ ಕೇಳಿದಳು.

“ಟೆನ್ಷನ್ ಆದ್ರೆ ಹಾಗೇನೇ,” ಎಂದೆ. ಅವಳು ನನ್ನ ಮುಖ ನೋಡಿ, ನನ್ನ ತಟ್ಟೆಗೆ ಪುಳಿಯೋಗರೆ ಬಡಿಸಿದಳು.

ಅಮ್ಮ ಬಾಯಿ ಮುಚ್ಚಿದ ಮೇಲೆ ಆ ಪುಣ್ಯಾತ್ಮ ಗಲ್ಲಿಗಲ್ಲಿಗಳಲ್ಲಿ ನುಗ್ಗಿ ಹತ್ತೇ ನಿಮಿಷದಲ್ಲಿ ಗೇಟಿಗೆ ಮುಟ್ಟಿಸಿದ. ಅಮ್ಮ ಫೋನನ್ನು ಕಾವಲಿನವರಿಗೆ ಕೊಟ್ಟು ಒಳಗೆ ಹೋದಳು. “ನೋಡಿದ್ರಾ, ಪ್ಲಾನ್ ಸಿ ವರ್ಕ್ ಆಯ್ತು!” ಎಂದ ಪ್ರಶಾಂತ್. ಪ್ಲಾನ್ ಸಿಯಲ್ಲಿ ಮೋಟರ್‌ಬೈಕೇ ಇರಲಿಲ್ಲ. ಎಲ್ಲರೂ ಎರಡನೆಯ ಸಲ ಬಡಿಸಿಕೊಳ್ಳಲು ಎದ್ದಾಗ ಅವನು ಅದಕ್ಕೊಂದು ಸಾಲು ಸೇರಿಸಿದ.

ಒಂದು ಗಂಟೆಯಾದ ಮೇಲೆ ಫೋನು ಬಂತು. ಪ್ರಶಾಂತ್ ಸ್ಪೀಕರ್ ಹಾಕಿ, ಎಲ್ಲರಿಗೂ ಸುಮ್ಮನಿರಿ ಎಂದು ಕೈ ಮಾಡಿದ.

“ಏನಾಯ್ತಮ್ಮ?” ಎಂದೆ.

ಅಮ್ಮ ಯಾವ ಕತೆಯನ್ನೂ ಕೊನೆಯಿಂದ ಶುರು ಮಾಡುವವಳಲ್ಲ. “ಗಾಜಿನ ಹಿಂದೆ ವೀಸಾದವ್ನು ಕೂತಿದ್ದ. ಏನ್ ಕೆಲಸ ಮಾಡ್ತಿದ್ರಿ ಅಂದ. ಕಂಡಕ್ಟರ್ ಅಂದ್ಬಿಟ್ಟೆ ಕಣೇ. ದಿನಾ ನೂರಾರು ಜನನ್ನ ನೋಡೋನು ಅವ್ನು. ನಂಗೂ ಟಿಕೆಟ್ ಇಲ್ದೆ ಹತ್ತಿದೋರ ಮುಖ ನೋಡಿದ್ರೆ ಗೊತ್ತಾಗ್ತಿತ್ತಲ್ಲ, ಹಾಗೇ ಅವ್ನಿಗೂ ಗೊತ್ತಾಗತ್ತೆ ಅನ್ನಿಸ್ತು. ಫಾರ್ಮಲ್ಲಿ ಆಫೀಸರ್ ಅಂತಿದೆಯಲ್ಲ ಅಂದ. ಅದು ನನ್ ಮಗಳು ತುಂಬಿದ್ದು ಸರ್, ಅವಳಿಗೆ ಹೇಳ್ಕೊಳಕ್ಕೆ ನಾಚಿಕೆ ಅಂದೆ. ಎಷ್ಟು ವರ್ಷ ಅಂದ. ಇಪ್ಪತ್ತಾರು ಅಂದೆ. ಪಾಸ್‌ಪೋರ್ಟ್ ಇಟ್ಕೊಂಡ. ವೀಸಾ ಆಯ್ತು ಕಣೇ!”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ರಶಾಂತ್ ಟಿವಿ ನೋಡುತ್ತಿದ್ದ, ಉಳಿದವರು ತಟ್ಟೆ ನೋಡುತ್ತಿದ್ದರು. ಕೊನೆಗೆ ಶಶಿಕಾಂತನೇ ಗಂಟಲು ಸರಿಮಾಡಿಕೊಂಡು, “ಕಂಗ್ರಾಟ್ಸ್ ಆಂಟಿ,” ಎಂದ.

“ಯಾರದು? ಜನ ಇದಾರಾ ಅಲ್ಲಿ?”

ತಕ್ಷಣ ಅಮ್ಮ ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಿದಳು. “ಹ್ಞೂಂ ಕಣಮ್ಮ, ಆಫೀಸರ್ ಆಗಿದ್ದೆ ಅಂತಾನೇ ಹೇಳ್ದೆ! ಟ್ರಾನ್ಸ್‌ಪೋರ್ಟ್ ಆಫೀಸರ್!”

ನನಗೆ ಅಳು ತಡೆಯಲಾಗಲಿಲ್ಲ. “ಇಲ್ಲಮ್ಮ. ಕಂಡಕ್ಟರ್ ಅಂತ ಹೇಳು. ಎಲ್ರಿಗೂ ಕೇಳ್ಲಿ.”

“ಬೇಡ ಬಿಡೇ,” ಎಂದಳು ಅಮ್ಮ, ದನಿ ತಗ್ಗಿಸಿ. “ನಾನು ಆರು ತಿಂಗಳು ಇದ್ದು ವಾಪಸ್ ಬರೋಳು. ಆ ಜನಗಳ ಮಧ್ಯೆ ಬದುಕ್ಬೇಕಾಗಿರೋದು ನೀನು.”

ಸ್ಪೀಕರ್ ಆಫ್ ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅದನ್ನೂ ಎಲ್ಲರೂ ಕೇಳಿಸಿಕೊಂಡರು.