ಊದಿ ಆರಿಸಿ

ನೀಲಾಂಬಿಕಾಗೆ ತಲೆ ಚಿಟ್ಟು ಹಿಡಿದಿತ್ತು. ನಾಗರಬಾವಿಯ ಆ ಪುಟ್ಟ ಆಫೀಸಿನಲ್ಲಿ ಹೊರದೇಶದ ಮೊಬೈಲ್ ಗೇಮೊಂದನ್ನು ಕನ್ನಡಕ್ಕೆ ತಂದವಳು ಅವಳು. ಆಡಿ ನೋಡಲೆಂದು ಅಕ್ಕಪಕ್ಕದ ಬಡಾವಣೆಗಳಿಂದ ಕರೆತಂದಿದ್ದ ಐವರು ಆಂಟಿಯರಲ್ಲಿ ನಾಲ್ವರು ಬೆಳಗಿನಿಂದ ಗೇಮಿನ ಮೊದಲ ಕೋಣೆಯಲ್ಲೇ ನಿಂತು, ಮುಂದೆ ಆಡದೆ ಎದ್ದು ಹೋಗಿದ್ದರು. ಕೋಣೆಯಲ್ಲಿ ಒಂದು ದೀಪ, ಕೆಳಗೆ 'ದೀಪ ಊದಿ ಆರಿಸಿ' ಎಂಬ ಸಾಲು. ಫೋನಿನ ಮೈಕಿಗೆ ಉಫ್ ಎಂದರೆ ದೀಪ ಆರಿ ಬಾಗಿಲು ತೆರೆಯುತ್ತದೆ. ಅಷ್ಟೇ. ಅಷ್ಟಕ್ಕೂ ಒಬ್ಬರಿಗೂ ಮನಸ್ಸು ಬರಲಿಲ್ಲ.

ಮೂಲ ಗೇಮಿನಲ್ಲಿ ಇದ್ದದ್ದು ಮೇಣದಬತ್ತಿ. ಅದನ್ನು ಕಿತ್ತು ಹಿತ್ತಾಳೆ ದೀಪ ಕೂರಿಸಿದವನು ಬಾಸ್ ಅನಿಕೇತ್. ಸ್ವಲ್ಪ ನೇಟಿವಿಟಿ ಇರಲಿ ಅಂದಿದ್ದ. ಬೇಡ ಸರ, ಬೇಡ ಎಂದು ಇವಳು ಬಡಕೊಂಡಿದ್ದಳು. ಯಾರು ಕೇಳಬೇಕು?

"ನಿಮ್ಮ ಕನ್ನಡದ್ದೇ ಪ್ರಾಬ್ಲಮ್ ಕಣ್ರೀ," ಎಂದ ಈಗ ಅನಿಕೇತ್. "ಆರಿಸಿ ಅಂದ್ರೆ ಸೆಲೆಕ್ಟ್ ಮಾಡಿ ಅಂತ ತಿಳ್ಕೊಂಡಿದಾರೆ. ರಿಪೋರ್ಟಲ್ಲಿ ಭಾಷೆ ಅರ್ಥ ಆಗಿಲ್ಲ ಅಂತ ಬರೀರಿ."

ಹಾಗೆ ಬರೆದರೆ ಕನ್ನಡದ ಕೆಲಸ ನಿಲ್ಲುತ್ತದೆ, ಜೊತೆಗೆ ಅವಳ ನೌಕರಿಯೂ ಹೋಗುತ್ತದೆ. ಇದು ಇಬ್ಬರಿಗೂ ಗೊತ್ತಿತ್ತು.

ಉಳಿದವರು ಒಬ್ಬರೇ, ವಿಜಯನಗರದ ನಿವೃತ್ತ ಟೀಚರ್ ಅಂಬುಜಾ. ಅವರು ಕನ್ನಡಕ ಏರಿಸಿ, ಸಾಲನ್ನು ಗಟ್ಟಿಯಾಗಿ ಓದಿ, ಫೋನನ್ನು ಮೇಜಿನ ಮೇಲಿಟ್ಟುಬಿಟ್ಟರು.

"ಆಂಟಿ, ಅರ್ಥ ಆಯ್ತಾ?" ಅನಿಕೇತ್ ಕೇಳಿದ.

"ಮೂವತ್ತು ವರ್ಷ ಕನ್ನಡ ಪಾಠ ಮಾಡಿದೀನಪ್ಪಾ. ಬಾಯಿಂದ ಊದಿ ದೀಪ ಆರಿಸು ಅಂತಿದೆ. ಎಂಜಲು ಉಸಿರು ತಾಗಿಸೋದಾ? ನಾನು ಮಾಡಲ್ಲ."

"ಅದು ಬರೀ ಚಿತ್ರ ಆಂಟಿ."

"ನಮ್ಮ ದೇವರ ಮನೇಲಿರೋದೂ ಚಿತ್ರಾನೇ."

ನೀಲಾಂಬಿಕಾಗೆ ಇಬ್ಬರ ಮೇಲೂ ಸಿಟ್ಟು ಬಂತು. ಒಂದೇ ಒಂದು ಸಲ ಊದಿದ್ದರೆ ಈಯಮ್ಮನ ಗಂಟೇನು ಹೋಗುತ್ತಿತ್ತು? ತನ್ನ ಅನ್ನವಾದರೂ ಉಳಿಯುತ್ತಿತ್ತು.

"ಇಷ್ಟಕ್ಕೆ ಇಷ್ಟೊಂದಾ? ಕೊಡಿ ಇಲ್ಲಿ," ಎಂದು ಅನಿಕೇತ್ ಫೋನ್ ಎತ್ತಿಕೊಂಡ. ಮೇಣದಬತ್ತಿಯನ್ನು ನೂರು ಸಲ ಊದಿದ್ದವನು ಈ ದೀಪದ ಕೋಣೆಯನ್ನು ಒಮ್ಮೆಯೂ ಆಡಿರಲಿಲ್ಲ. ಫೋನನ್ನು ತುಟಿಯ ಹತ್ತಿರ ತಂದ. ಕೆನ್ನೆ ಉಬ್ಬಿತು. ಉಸಿರು ಮಾತ್ರ ಹೊರಗೆ ಬರಲಿಲ್ಲ. ಆಮೇಲೆ ತನಗೇ ಗೊತ್ತಿಲ್ಲದ ಹಾಗೆ ಇನ್ನೊಂದು ಕೈಯನ್ನು ಫೋನಿನ ಮುಂದೆ ಬೀಸಿದ. ಮತ್ತೊಮ್ಮೆ ಬೀಸಿದ. ದೀಪ ಉರಿಯುತ್ತಲೇ ಇತ್ತು.

"ಊದ್ರಿ ಸರ," ಎಂದಳು ನೀಲಾಂಬಿಕಾ.

"ಮೈಕ್ ಏನೋ ಕೆಟ್ಟಿದೆ ಅನ್ಸತ್ತೆ," ಎಂದು ಅವನು ಫೋನನ್ನು ಕೆಳಗಿಟ್ಟ.

ಅವಳು ರಿಪೋರ್ಟನ್ನು ಎಳೆದುಕೊಂಡಳು. ಬಾಗಿಲು ದಾಟದವರ ಪಟ್ಟಿಯಲ್ಲಿ ಅಂಬುಜಾ ಹೆಸರಿನ ಕೆಳಗೆ ಅನಿಕೇತ್ ಎಂದು ಬರೆದಳು. ಕಾರಣ ಎಂಬಲ್ಲಿ 'ಭಾಷೆ ಚೆನ್ನಾಗಿ ಅರ್ಥವಾಗಿದೆ' ಎಂದು ತುಂಬಿಸಿ, ಸಹಿ ಹಾಕಲು ಹಾಳೆಯನ್ನು ಅವನ ಮುಂದೆಯೇ ಇಟ್ಟಳು.