ಅರ್ಥ ಕೇಳಬಾರದ ಕೋಣೆ

ಪ್ರೆಸ್ಸಿನ ಮೇಲಂತಸ್ತಿನ ಪ್ರೂಫ್ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಒಂದರಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ನಾನು. ಸದಾ ಕೈಯಲ್ಲಿ ಆ ಗಾಜು ಹಿಡಿದಿರುವ ಮುದುಕನಿಗೆ ಬೇರೆ ಹೆಸರಿದ್ದರೂ ಯಾರೂ ಅದರಿಂದ ಕರೆಯುವುದಿಲ್ಲ. ಆತ ಹಳೆಯ ಪ್ರತಿ ನೋಡಿ ಗಟ್ಟಿಯಾಗಿ ಓದಬೇಕು, ನಾನು ಹೊಸ ಪ್ರೂಫಿನ ಮೇಲೆ ಪೆನ್ಸಿಲ್ ಓಡಿಸುತ್ತ ತಪ್ಪಿಗೆ ಗುರುತು ಹಾಕಬೇಕು. ಈ ಪುಸ್ತಕ ಸರಿಯಾಗಿ ಮುಗಿಸಿದರೆ ನನಗೆ ಈ ಕುರ್ಚಿ ಖಾಯಂ. ಇಲ್ಲದಿದ್ದರೆ ಮತ್ತೆ ಕೆಳಗಡೆ, ಔಷಧಿ ಬಾಟಲಿಗಳ ಲೇಬಲ್ ನೋಡುವ ಕೆಲಸ.

ಪುಸ್ತಕ ಹಳೆಯ ಕಾವ್ಯ. ಕಾಲೇಜಿನಲ್ಲಿ ನನ್ನನ್ನು ಎರಡು ಸಲ ನಪಾಸು ಮಾಡಿದ್ದು ಇದೇ. “ನಿನ್ನ ತಲೆಗೆ ಹತ್ತೋದಲ್ಲ ಬಿಡು,” ಎಂದು ಮೇಷ್ಟ್ರು ಎಲ್ಲರೆದುರೇ ಹೇಳಿದ್ದರು.

ಭೂತಗನ್ನಡಿ ಓದುವುದೆಂದರೆ ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ. ಅಕ್ಷರ, ಒತ್ತು, ಕೊಂಬು, ಸೊನ್ನೆ, ಸಾಲು ಮುಗಿಯಿತು. ಪದ ಎಲ್ಲಿ ಶುರು, ಎಲ್ಲಿ ಕೊನೆ ಎಂಬುದು ಆತನಿಗೆ ಬೇಕಿಲ್ಲ.

“ಸ್ವಲ್ಪ ನಿಲ್ಲಿ. ಇಲ್ಲಿ ಯಾರು ಯಾರಿಗೆ ಹೇಳ್ತಿರೋದು?”

“ನಿಮ್ಮಜ್ಜಿ ನಮ್ಮಜ್ಜಿಗೆ. ಒತ್ತು ಸರಿಯಿದೆಯಾ ನೋಡಮ್ಮ.”

“ಅರ್ಥ ಆಗದೆ ತಪ್ಪು ಹೇಗೆ ಗೊತ್ತಾಗತ್ತೆ?”

“ಅರ್ಥ ಆದ್ರೇನೇ ಗೊತ್ತಾಗಲ್ಲ. ಇದರ ಎಷ್ಟೋ ಮುದ್ರಣಕ್ಕೆ ಓದಿದೀನಿ. ಒಂದು ಪದ್ಯಾನೂ ತಲೆಗೆ ಹೋಗಿಲ್ಲ, ಒಂದು ತಪ್ಪೂ ಉಳಿದಿಲ್ಲ. ನಿನ್ನ ಪಾಂಡಿತ್ಯ ಮನೇಲಿಟ್ಟು ಬಾ.”

“ಮನೇಲಿ ಜಾಗ ಇಲ್ಲ.”

“ಕೆಳಗಡೆ ಲೇಬಲ್ ಕೋಣೇಲಿ ಬೇಕಾದಷ್ಟಿದೆ.”

ಊಟದ ಬಿಡುವಿನಲ್ಲಿ ನಾನು ನಿಘಂಟು ತೆಗೆದರೆ ಆತ ದೀಪ ಆರಿಸುತ್ತಿದ್ದ. ಕಿಟಕಿಯ ಹತ್ತಿರ ಹೋದರೆ ಅಲ್ಲಿಗೇ ಬಂದು ಗೊಳಗೊಳ ಬಾಯಿ ಮುಕ್ಕಳಿಸುತ್ತಿದ್ದ. ನನ್ನ ಪುಟದ ಮೇಲೆ ಹನಿ ಬೀಳುವವರೆಗೂ ಬಿಡುತ್ತಿರಲಿಲ್ಲ. ಆದರೂ ದಿನಕ್ಕಿಷ್ಟು ಪದ ಕಿತ್ತುಕೊಂಡೆ.

ಯುದ್ಧದ ಭಾಗ ಮುಗಿಯಿತು. ಆತ ಎಂದಿನಂತೆ ಸುರಿಯುತ್ತಿದ್ದ. ಇದ್ದಕ್ಕಿದ್ದಂತೆ ಒಂದು ಪದ್ಯದಲ್ಲಿ ಸಾಲಿಗೆ ಸಾಲು ಕೂಡಿಕೊಂಡಿತು. ಗೆದ್ದ ಸೇನಾಪತಿ ಮನೆಗೆ ಬಂದಿದ್ದಾನೆ. ಕುದುರೆ ತಾನಾಗಿ ಲಾಯಕ್ಕೆ ಹೋಯಿತು. ಅವನಿಗೆ ಮಾತ್ರ ಒಳಗೆ ಕಾಲಿಡಲು ಧೈರ್ಯವಿಲ್ಲ. ಒಳಗಿಂದ ಹೆಂಡತಿ, ಬಂದವರು ಯಾರು ಎಂದು ಕೇಳುತ್ತಾಳೆ. ಅವನು ಉತ್ತರ ಕೊಡುವುದಿಲ್ಲ.

ನಾನು ಆ ಬಾಗಿಲಲ್ಲಿ, ಸೇನಾಪತಿಯ ಪಕ್ಕದಲ್ಲೇ ನಿಂತುಬಿಟ್ಟೆ. ಪೆನ್ಸಿಲ್ ತನ್ನ ಪಾಡಿಗೆ ಮುಂದೆ ಹೋಯಿತು.

ಸಂಜೆ ಭೂತಗನ್ನಡಿ ನನ್ನ ಹಾಳೆಗಳನ್ನು ಮರುಪರಿಶೀಲನೆಗೆ ಎಳೆದುಕೊಂಡ. ಸೇನಾಪತಿಯ ಪದ್ಯದ ಮುಂದಿನದರಲ್ಲಿ ಇಡೀ ಒಂದು ಸಾಲು ಅಚ್ಚಿನಲ್ಲೇ ಬಿಟ್ಟುಹೋಗಿತ್ತು. ಆತ ಅದನ್ನು ಓದಿದ್ದ, ನಾನು ಪದ್ಯ ಸರಿ ಎಂದು ಗುರುತು ಹಾಕಿದ್ದೆ. ಆತ ಬೈಯಲಿಲ್ಲ. ಬೈದಿದ್ದರೆ ಮುಗಿಯುತ್ತಿತ್ತು. ಹಾಳೆ ಹಿಡಿದು ನೇರ ಮಾಲೀಕರ ಕೋಣೆಗೆ ಹೋದ.

“ಸಾಲಿಗೆ ಸಾಲೇ ನುಂಗಿದೀಯಲ್ಲಮ್ಮ,” ಎಂದರು ಮಾಲೀಕರು. “ಲೇಬಲಲ್ಲಿ ಹೀಗೆ ಮಾಡ್ಬೇಡ, ಯಾರಾದ್ರೂ ಸತ್ತಾರು. ನಾಳೆಯಿಂದ ಕೆಳಗೆ ಹೋಗು.”

ನಾನು ಸಾಮಾನು ಚೀಲಕ್ಕೆ ತುಂಬುತ್ತಿದ್ದಾಗ ಭೂತಗನ್ನಡಿ ಬಂದು ತನ್ನ ಕುರ್ಚಿಯಲ್ಲಿ ಕೂತ.

“ಎಲ್ಲಿ ಮೈಮರೆತೆ?”

“ಅದರ ಹಿಂದಿನ ಪದ್ಯದಲ್ಲಿ.”

ಆತ ಪುಟ ತಿರುಗಿಸಿ ಆ ಪದ್ಯ ಓದಿದ. ಮತ್ತೆ ನಿಧಾನವಾಗಿ, ಬೆರಳಿಟ್ಟು ಓದಿದ.

“ಏನಿದೆ ಇದರಲ್ಲಿ?”

ದನಿಯಲ್ಲಿ ಗೇಲಿ ಇರಲಿಲ್ಲ. ನಾನು ಚೀಲ ಹೆಗಲಿಗೆ ಹಾಕಿಕೊಂಡೆ.

“ಹೇಳು ಅಂದೆ.”

“ಕೇಳಿಸ್ತು.”

“ಹೇಳಮ್ಮ. ಇದನ್ನ ಇಷ್ಟು ವರ್ಷ ಓದಿದೀನಿ, ಇನ್ನೂ ಓದ್ಬೇಕು.”

“ಓದಿ,” ಎಂದು ಮೆಟ್ಟಿಲಿಳಿದೆ.