ಯೂಲಿಯನ್ ಅಜ್ಜಿಯ ಕರಿಮೊಟ್ಟೆ ಮತ್ತು ಲಾರಿಯಿಂದ ಬಿದ್ದ ಬೂದಿ

ಕಾಲುವೆ ಬದಿಯ ನಮ್ಮ ಹಳ್ಳಿಯಲ್ಲಿ ಬಾತುಕೋಳಿಗೆ ಬರವಿಲ್ಲ, ಮೊಟ್ಟೆಗೂ ಬರವಿಲ್ಲ. ಬರ ಬಂದಿರುವುದು ಬೂದಿಗೆ. ಎಲ್ಲರ ಮನೆಗೂ ಗ್ಯಾಸ್ ಒಲೆ ಬಂದ ಮೇಲೆ ಹುಲ್ಲು ಉರಿಸುವವರು ಯಾರು? ಬೂದಿಯಿಲ್ಲದೆ ಕರಿಮೊಟ್ಟೆ ಆಗುವುದಿಲ್ಲ. ಕರಿಮೊಟ್ಟೆಯಿಲ್ಲದ ದೋಣಿ ಹಬ್ಬದ ಊಟ ನಮಗೆ ಊಟವೇ ಅಲ್ಲ.

ಕರಿಮೊಟ್ಟೆ ಎಂದರೆ ಶೆನ್ ಯೂಲಿಯನ್ ಅಜ್ಜಿಯದೇ ಆಗಬೇಕು. ಬೂದಿ, ಸುಣ್ಣ, ಉಪ್ಪನ್ನು ಚಹಾದ ಡಿಕಾಕ್ಷನ್‌ನಲ್ಲಿ ಕಲಸಿ, ಬಾತುಮೊಟ್ಟೆಗೆ ದಪ್ಪಗೆ ಮೆತ್ತಿ, ಭತ್ತದ ಹೊಟ್ಟಿನಲ್ಲಿ ಹೊರಳಿಸಿ ಜಾಡಿಯಲ್ಲಿ ಮುಚ್ಚಿಡುತ್ತಾಳೆ. ಹಬ್ಬದ ಹೊತ್ತಿಗೆ ಒಳಗಿನ ಬಿಳಿಯೆಲ್ಲ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತದೆ. ಈ ವರ್ಷವಂತೂ ಅಜ್ಜಿಗೆ ಎಲ್ಲಿಲ್ಲದ ಹುರುಪು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಸೊಸೆ ಲಾನ್‌ಶಿಯಾ ಬಸುರಿ. ಅವಳ ಬಯಕೆಯೂ ಬೇರೇನಲ್ಲ, ಅತ್ತೆಯ ಕರಿಮೊಟ್ಟೆ.

ಒಂದು ಬೆಳಿಗ್ಗೆ ಸೇತುವೆಯ ತಿರುವಿನಲ್ಲಿ ಲಾರಿಯಿಂದ ಒಂದು ದೊಡ್ಡ ಚೀಲ ಬಿತ್ತು. ಪಟ್ಟಣದಲ್ಲಿ ಕಸ ಸುಟ್ಟ ಬೂದಿಯನ್ನು ನಮ್ಮೂರಾಚೆಯ ಬೂದಿ ತೊಳೆಯುವ ಘಟಕಕ್ಕೆ ಒಯ್ಯುವ ಲಾರಿ ಅದು; ತೊಳೆದ ಬೂದಿ ಅಲ್ಲಿಂದ ಸಿಮೆಂಟ್ ಮಾಡಲು ಹೋಗುತ್ತದೆ. ಚಾಲಕನಿಗೆ ಗೊತ್ತೇ ಆಗಲಿಲ್ಲ. ಚೀಲ ಒಡೆದು, ಮೈದಾಹಿಟ್ಟಿನಷ್ಟು ನಯವಾದ ಬೂದಿ ದಾರಿಯ ಮೇಲೆಲ್ಲ ಚೆಲ್ಲಿತ್ತು. ಅಜ್ಜಿ ಬುಟ್ಟಿ ತುಂಬ ಬಾಚಿಕೊಂಡು, ಲಾಟರಿ ಹೊಡೆದವಳ ಮುಖ ಮಾಡಿಕೊಂಡು ಮನೆಗೆ ಬಂದಳು.

ಸಂಜೆ ಪಕ್ಕದ ಮನೆಯ ಚೂ ವೆನ್‌ಛಿನ್ ಬಂದಳು. ಅವಳು ಕೆಲಸ ಮಾಡುವುದು ಅದೇ ಘಟಕದಲ್ಲಿ. ಒಂದು ಚೀಲ ಕಡಿಮೆ ಬಂದಿದೆ ಎಂದು ಮನೆಮನೆ ವಿಚಾರಿಸುತ್ತಿದ್ದಳು.

“ದೊಡ್ಡಮ್ಮ, ಸೇತುವೆ ಹತ್ರ ಚೀಲ ಬಿದ್ದಿತ್ತಂತೆ, ನೋಡಿದ್ರಾ?”

“ನೋಡೋದೇನು, ಮೊಟ್ಟೆಗೇ ಮೆತ್ತಾಯ್ತು. ಎಂಥ ನಯ ಅಂತೀಯ, ಜರಡಿ ಹಿಡಿಯೋ ಕೆಲಸಾನೇ ಇಲ್ಲ.”

ವೆನ್‌ಛಿನ್ ಗಾಬರಿಯಿಂದ ಹತ್ತಿರ ಬಂದಳು. “ಅದನ್ನ ಯಾರೂ ತಿನ್ನಬಾರದು ದೊಡ್ಡಮ್ಮ. ಅದು ವಿಷ.”

“ಬೂದಿಗೆಂಥ ವಿಷವೇ? ಎಂಥ ಹೊಲಸಾದ್ರೂ ಬೆಂಕಿಗೆ ಬಿದ್ಮೇಲೆ ಶುದ್ಧ. ನೀನು ಇಷ್ಟುದ್ದ ಬೆಳೆದಿದ್ದೂ ನನ್ನ ಮೊಟ್ಟೆ ತಿಂದೇ.”

“ಅದು ಹುಲ್ಲಿನ ಬೂದಿ. ಇಲ್ಲಿ ಸುಟ್ಟಿರೋದು ಪ್ಲಾಸ್ಟಿಕ್ಕು, ಬ್ಯಾಟರಿ, ಬಣ್ಣದ ಡಬ್ಬ. ಅದರಲ್ಲಿರೋ ಸೀಸ ಬೆಂಕಿಗೆ ಸುಟ್ಟು ಹೋಗಲ್ಲ, ಹೊಗೆ ಜೊತೆ ಮೇಲೇರತ್ತೆ. ಆ ಹೊಗೆ ಊರಿಗೆ ಬರಬಾರದು ಅಂತ ದೊಡ್ಡ ಬಟ್ಟೆ ಚೀಲಗಳಲ್ಲಿ ಸೋಸ್ತಾರೆ. ಸೋಸಿ ಉಳಿದಿದ್ದೇ ಈ ಹಾರುಬೂದಿ.”

“ಇರಲಿ ಬಿಡೇ. ಚಿಪ್ಪು ಸುಲಿದು ತಾನೆ ತಿನ್ನೋದು? ಬೂದಿ ಹೊರಗೆ, ಮೊಟ್ಟೆ ಒಳಗೆ.”

“ಹಾಗಾದ್ರೆ ಮೊಟ್ಟೆ ಗಟ್ಟಿಯಾಗೋದು ಹೇಗೆ? ನೀವೇನು ಒಲೆ ಮೇಲೆ ಬೇಯಿಸ್ತೀರಾ?”

“ಅಷ್ಟೂ ಗೊತ್ತಿಲ್ವಾ? ಬೂದಿಯ ಸತ್ವ ಚಿಪ್ಪಿನೊಳಕ್ಕೆ ಇಳಿಯತ್ತೆ. ಅದಕ್ಕೇ...”

ಅಜ್ಜಿ ತಿರುಗಿ ನೋಡಿದಳು. ಬಾಗಿಲಲ್ಲಿ ಲಾನ್‌ಶಿಯಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು.

“ಸತ್ವ ಇಳಿದ ದಾರೀಲೇ ಸೀಸಾನೂ ಇಳಿಯತ್ತೆ ದೊಡ್ಡಮ್ಮ. ತಾಯಿ ತಿಂದ್ರೆ ಮಗುಗೂ ಹೋಗತ್ತೆ, ಮಿದುಳಿಗೇ ಪೆಟ್ಟು.”

ಅಜ್ಜಿ ಅಷ್ಟು ಸುಲಭಕ್ಕೆ ಸೋಲುವವಳಲ್ಲ. “ಅಷ್ಟು ಕೆಟ್ಟದ್ದಾದ್ರೆ ನೀವ್ಯಾಕೆ ಅದರಿಂದ ಸಿಮೆಂಟ್ ಮಾಡಿಸ್ತೀರಿ? ನಾನು ಮೆತ್ತಿದ್ರೆ ವಿಷ, ನೀವು ಮುಟ್ಟಿದ್ರೆ ಸಿಮೆಂಟಾ?”

“ನಾಳೆ ಘಟಕಕ್ಕೆ ಬಂದು ನೀವೇ ನೋಡಿ. ಈಗ ಮೊದಲು ಆ ಕೈ ತೊಳ್ಕೊಳ್ಳಿ, ಕೆಂಪಗಾಗಿದೆ.”

ಮರುದಿನ ಅತ್ತೆ ಸೊಸೆ ಇಬ್ಬರೂ ಹೋದರು. ನಾನೂ ಜೊತೆಗೆ ಹೋದೆ, ಸುಳ್ಳೇಕೆ, ಅಜ್ಜಿ ಜಗಳವಾಡುವುದನ್ನು ನೋಡುವ ಆಸೆ. ಗಾಜಿನ ಕಿಟಕಿಯಾಚೆ, ಮುಚ್ಚಿದ ತೊಟ್ಟಿಗಳಲ್ಲಿ ಬೂದಿಯನ್ನು ನೀರಿಗೆ ಹಾಕಿ ಕಲಕಿ ಹಿಂಡುತ್ತಿದ್ದರು, ಮತ್ತೆ ಹೊಸ ನೀರು, ಮತ್ತೆ ಹಿಂಡುವುದು.

“ನಾನು ಅಕ್ಕಿ ತೊಳೆಯೋದಕ್ಕಿಂತ ಜಾಸ್ತಿ ಆಯ್ತಲ್ಲೇ ಇದು,” ಎಂದಳು ಅಜ್ಜಿ. “ತೊಳೆದ ನೀರು ಎಲ್ಲಿಗೆ? ನಮ್ಮ ಕಾಲುವೆಗಾ?”

“ಒಂದು ಹನೀನೂ ಬಿಡಲ್ಲ,” ಎಂದಳು ವೆನ್‌ಛಿನ್. “ನೀರಿಗಿಳಿದ ಸೀಸಾನ ಮೊದಲು ಬೇರೆ ತೆಗೀತೀವಿ. ಆಮೇಲೆ ನೀರು ಕುದಿಸಿ ಉಪ್ಪು ತೆಗೀತೀವಿ, ಅದು ಕಾರ್ಖಾನೆಗೆ, ಅಡುಗೆಗಲ್ಲ. ಆವಿ ತಣಿಸಿ ಸಿಕ್ಕ ನೀರಲ್ಲೇ ಮತ್ತೆ ತೊಳೆಯೋದು. ಉಪ್ಪು ಹೋದ ಬೂದಿ ಸಿಮೆಂಟ್ ಕುಲುಮೆಗೆ ಹೋಗತ್ತೆ. ಅಲ್ಲಿನ ಕಾವಿಗೆ ಸುಡೋಂಥ ವಿಷ ಸುಟ್ಟು ಹೋಗತ್ತೆ, ಸುಡದ ಲೋಹ ಕುಲುಮೇಲಿ ಆಗೋ ಸಿಮೆಂಟ್ ಕಲ್ಲಿನೊಳಗೆ ಸಿಕ್ಕಿಕೊಳ್ಳತ್ತೆ. ಪರೀಕ್ಷೆ ಮಾಡಿ ಸರಿಯಿದೆ ಅಂದ ಮೇಲೇ ಹೊರಗೆ ಕಳಿಸೋದು. ಇಷ್ಟೆಲ್ಲ ನಿಮ್ಮ ಹಿತ್ತಲಲ್ಲಿ ಆಗತ್ತಾ ದೊಡ್ಡಮ್ಮ?”

ಅಜ್ಜಿ ಕಿಟಕಿಯಿಂದ ಈಚೆ ಬಂದಳು. ಸೊಸೆಯ ಕೈ ಹಿಡಿದುಕೊಂಡು ಮನೆಯತ್ತ ನಡೆದಳು. ಆ ದಿನ ಮಧ್ಯಾಹ್ನವೇ ಜಾಡಿಯನ್ನೂ ಉಳಿದ ಬೂದಿಯನ್ನೂ ಘಟಕದವರಿಗೆ ಒಪ್ಪಿಸಿದಳು. ಮುಖಗವಸು ಹಾಕಿದ ಕೆಲಸದವರು ಸೇತುವೆ ಮೇಲಿನ ಬೂದಿಯನ್ನು ನೀರು ಚಿಮುಕಿಸಿ, ದೂಳು ಏಳದಂತೆ ಬಳಿದೊಯ್ದರು. ಜಾಡಿ ಹೋಗುವಾಗ ಅಜ್ಜಿಯ ಕಣ್ಣಲ್ಲಿ ನೀರಿತ್ತು. ನಾನೂ ಜಾಡಿಯ ಹಿಂದೆ ತಿರುವಿನವರೆಗೆ ಹೋದೆ, ಎಂಥೆಂಥ ಮೊಟ್ಟೆಗಳು.

ಹಬ್ಬ ಬಂತು. ಬಿದಿರೆಲೆಯಲ್ಲಿ ಕಟ್ಟಿದ ಅನ್ನದ ಕಡುಬು, ಮೀನು, ಬೇಯಿಸಿದ ಬಾತುಮೊಟ್ಟೆ ಎಲ್ಲ ಬಂದವು, ಕರಿಮೊಟ್ಟೆ ಮಾತ್ರ ಇಲ್ಲ. ಊಟಕ್ಕೆ ಕೂತ ಬಂಧುಗಳು ಬಿಡುತ್ತಾರೆಯೇ? “ಏನಜ್ಜಿ, ಕೈ ಬಿದ್ದು ಹೋಯ್ತಾ?” ಎಂದು ಒಬ್ಬ ಕೆಣಕಿದ.

“ಮಾಡಿದ್ದೆ ಕಣೋ, ಜಾಡಿ ತುಂಬ ಮಾಡಿದ್ದೆ,” ಎಂದಳು ಅಜ್ಜಿ, ಸೊಸೆಯ ತಟ್ಟೆಗೆ ಬಿಸಿ ಮೊಟ್ಟೆ ಸುಲಿದು ಹಾಕುತ್ತಾ. “ಹಬ್ಬ ಮುಂದಿನ ವರ್ಷವೂ ಬರತ್ತೆ. ಈ ಕೂಸು ಬರೋದು ಒಂದೇ ಸಲ.”

ಕೆಣಕಿದವನು ತಲೆತಗ್ಗಿಸಿ ಕಡುಬು ಬಿಚ್ಚಿದ. ಲಾನ್‌ಶಿಯಾ ನಗುತ್ತಾ ಇನ್ನೊಂದು ಮೊಟ್ಟೆಗೆ ತಟ್ಟೆ ಚಾಚಿದಳು.

ಓದುತ್ತಿರುವ ಅಕ್ಕ, ಅಣ್ಣ, ಕಸ ಸುಟ್ಟ ಬೂದಿ ನಿಮ್ಮ ದಾರಿಯಲ್ಲಿ ಬಿದ್ದಿದ್ದರೆ ಮುಟ್ಟಬೇಡಿ, ಗುಡಿಸಬೇಡಿ, ತರಕಾರಿ ಮಡಿಗೆ ಹಾಕಬೇಡಿ, ಕಾಲುವೆಗೆ ತಳ್ಳಬೇಡಿ. ಮಕ್ಕಳನ್ನು ದೂರವಿಡಿ. ಆಡಳಿತದವರಿಗೋ ಬೂದಿ ತೊಳೆಯುವ ಘಟಕಕ್ಕೋ ಫೋನ್ ಮಾಡಿ. ಬ್ಯಾಟರಿ, ಬಣ್ಣದ ಡಬ್ಬಗಳನ್ನು ಬೇರೆ ಕಸದ ಜೊತೆ ಸೇರಿಸದೆ ಬೇರೆಯೇ ಕೊಡಿ. ಆ ಬೂದಿಗೂ ಉಪಯೋಗವಿದೆ, ಆದರೆ ತೊಳೆದು, ಕುಲುಮೆಗೆ ಹಾಕಿ, ಪರೀಕ್ಷೆ ಮಾಡಿದ ಮೇಲೆ ಮಾತ್ರ. ಅಲ್ಲಿಯವರೆಗೆ ನಿಮ್ಮ ಬುಟ್ಟಿ ಖಾಲಿಯಿದ್ದರೂ ಪರವಾಗಿಲ್ಲ, ನಿಮ್ಮ ಮನೆಯ ಮಕ್ಕಳು ಚೆನ್ನಾಗಿರಲಿ.